ತೆಪ್ಪದ ಪರದೆ

ಒರೆಸೋ ಬಟ್ಟೆ ಹತ್ತಿಯದೇ ಆಗಿರಬೇಕು. ಅದೂ ಹೊಸದಲ್ಲ, ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ. ತೆಂಗಿನ ನಾರು, ಪಾತ್ರೆ ಉಜ್ಜೋ ಪ್ಯಾಡು ಹತ್ತಿರಕ್ಕೂ ಬರಕೂಡದು. ಮೊದಲು ಬರೀ ನೀರು ಹುಯ್ದು ಧೂಳು ಇಳಿಸಬೇಕು. ಧೂಳಿರುವಾಗಲೇ ಒರೆಸಿದರೆ ಗೀರು ಬೀಳುತ್ತೆ, ಬಿದ್ದ ಗೀರು ಜನ್ಮದಲ್ಲಿ ಹೋಗಲ್ಲ. ಸೀಮೆಎಣ್ಣೆ, ಥಿನ್ನರು ಮುಟ್ಟಿಸಿದರೆ ಮುಗೀತು, ಮಂಜು ಕವಿದ ಹಾಗಾಗುತ್ತೆ. ಒಂದು ಹನಿ ಶಾಂಪೂ ಸಾಕು. ಬಿಸಿಲಿಗೆ ಹಾಕಬಾರದು, ಹಳದಿ ತಿರುಗುತ್ತೆ. ನೆರಳಲ್ಲಿ ಪೂರ್ತಿ ಒಣಗಿಸಿ, ಮಡಚದೆ, ಪೈಪಿಗೆ ಸುತ್ತಬೇಕು. ಸುತ್ತುವಾಗ ನಡುವೆ ಹಳೇ ಸೀರೆ ಹಾಸಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತೆ.

ಇಷ್ಟೆಲ್ಲ ನನಗೆ ಗೊತ್ತು. ನಮ್ಮೂರ ಗಂಗಮ್ಮನ ತೆಪ್ಪಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಪರದೆಗಳು ನಮ್ಮ ಮನೆ ಅಟ್ಟದ ಮೇಲೇ ಇವೆ. ಹೊಲಿದವಳು ನಾನೇ ಆದ್ದರಿಂದ ಕಾಯೋ ಕೆಲಸವೂ ನನಗೇ ಬಂತು. ತಿಂಗಳಿಗೊಮ್ಮೆ ಇಳಿಸಿ ತೊಳೀತೀನಿ. ತೆಪ್ಪವೇ ಇಲ್ಲ, ಪರದೆ ಯಾಕೆ ತೊಳೀತೀಯ ಅಂತ ನಮ್ಮ ಯಜಮಾನರು ಕೇಳ್ತಾರೆ. ನಿಮಗ್ಯಾಕೆ, ನಿಮ್ಮ ಕೈಯೇನು ಸವೆಯುತ್ತಾ ಅಂತ ಬಾಯಿ ಮುಚ್ಚಿಸ್ತೀನಿ. ನಿಜ ಹೇಳಬೇಕೆಂದರೆ, ತಪ್ಪು ಮಾಡಿದವಳ ಕೈ ಸುಮ್ಮನಿರಲ್ಲ. ಅದಕ್ಕೇ ತೊಳೀತೀನಿ.

ನಾನು ಬ್ಲೌಸ್ ಹೊಲಿಯೋಳು. ತವರು ಲಕ್ಕೂರು ಕಡೆ. ಮದುವೆಯಾಗಿ ಬಂದಿದ್ದು ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿರೋ ಈ ಊರಿಗೆ. ಇಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಬಯ್ಯೋದಕ್ಕೆ ಎರಡೂ. ನನಗೊಂದು ಕೆಟ್ಟ ಗುಣ ಇದೆ, ಮೊದಲೇ ಹೇಳಿಬಿಡ್ತೀನಿ. ಯಾರಾದರೂ ತಪ್ಪು ಹೇಳಿದರೆ ನನ್ನ ಕೈಲಿ ಕೇಳಿಕೊಂಡಿರೋಕೆ ಆಗಲ್ಲ. ನಮ್ಮ ಅತ್ತೆ, ಅವರನ್ನ ನಾನು ಅತ್ತಮ್ಮ ಅಂತ ಕರೀತೀನಿ, ಇವತ್ತು ಸೋಮವಾರ ಅಂದರೆ ಅಲ್ಲ ಮಂಗಳವಾರ ಅಂತೀನಿ. ಸಾರಿಗೆ ಉಪ್ಪು ಕಮ್ಮಿ ಅಂದರೆ ಉಪ್ಪು ಸರಿಯಾಗಿದೆ, ನಿಮ್ಮ ನಾಲಿಗೆ ನೋಡ್ಕೊಳ್ಳಿ ಅಂತೀನಿ. ಅವರೂ ಬಿಡೋರಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಆದರೂ ಸಿಟ್ಟು ಬಂದಾಗ ನನ್ನ ಹೆಸರೇ 'ಟೀಚರಮ್ಮ'. "ಬಂದ್ಲಪ್ಪ ಟೀಚರಮ್ಮ, ಇನ್ನು ನಾವು ಸ್ಲೇಟು ಹಿಡ್ಕೋಬೇಕು" ಅಂತ ಗೋಡೆಗೆ ಹೇಳೋರು. ಬೆಳಗ್ಗೆಯಿಂದ ಸಂಜೆವರೆಗೆ ನಮ್ಮಿಬ್ಬರದು ಇದೇ. ಪಕ್ಕದ ಮನೆಯವರು ಮೊದಲು ಜಗಳ ಅಂದುಕೊಂಡಿದ್ದರು. ಆಮೇಲೆ ರೇಡಿಯೋ ಅಂದುಕೊಂಡರು.

ಅತ್ತಮ್ಮ ವಕ್ಕಲೇರಿ ಕಡೆಯವರು. ಈ ಊರಿಗೆ ಮದುಮಗಳಾಗಿ ಬಂದ ವರ್ಷವೇ ಕೆರೆ ತುಂಬಿ ಕೋಡಿ ಹರಿದಿತ್ತಂತೆ. ನಮ್ಮೂರಲ್ಲಿ ಒಂದು ಕಟ್ಟುಪಾಡಿದೆ. ತುಂಬಿದ ನೀರು ಕೋಡಿ ದಾಟಿ ಹರಿದರೆ ಮಾತ್ರ ಗಂಗಮ್ಮನನ್ನ ತೆಪ್ಪದ ಮೇಲೆ ಕೂರಿಸಿ ಕೆರೆಯಲ್ಲಿ ಮೂರು ಸುತ್ತು ತಿರುಗಿಸೋದು. ಕೋಡಿ ಹರಿಯದಿದ್ದರೆ ತೆಪ್ಪ ಇಲ್ಲ, ಯಾರು ಕಾಲಿಗೆ ಬಿದ್ದರೂ ಇಲ್ಲ. ಆ ವರ್ಷದ ತೆಪ್ಪವನ್ನು ಅತ್ತಮ್ಮ ಹೇಳುವಾಗ ಅವರ ದನಿ ತಗ್ಗೋದು. "ಕೆಂಪು ಸೀರೆ ಉಡ್ಸಿದ್ರು ಕಣಮ್ಮ. ಕೊರಳು ತುಂಬ ಕನಕಾಂಬರ. ಬೆಳ್ಳಿ ಕಣ್ಣು. ದೀಪದ ಬೆಳಕಲ್ಲಿ ಮೇಲೊಂದು ಮೊಖ, ಕೆಳಗೆ ನೀರಲ್ಲೊಂದು ಮೊಖ. ಎರಡೂ ನನ್ನೇ ನೋಡ್ತಿದ್ವು. ಹೊಸ ಊರು, ಯಾರೂ ಪರಿಚಯ ಇಲ್ಲ. ಅವತ್ತು ಭಯ ಹೋಯ್ತು" ಅನ್ನೋರು.

ಅಷ್ಟೇ. ಆಮೇಲೆ ಕೋಡಿ ಹರಿಯಲೇ ಇಲ್ಲ. ನಾನು ಬಂದಾಗ ಕೆರೆ ತುಂಬ ಜಾಲಿ ಬೆಳೆದಿತ್ತು, ನಡುವೆ ಹುಡುಗರು ಕ್ರಿಕೆಟ್ ಆಡ್ತಿದ್ದರು. ಅತ್ತಮ್ಮ ತೆಪ್ಪದ ಕಥೆ ತೆಗೆದಾಗಲೆಲ್ಲ ನಾನು, "ನಿಮ್ಮ ಗಂಗಮ್ಮನಿಗೆ ಈಗ ತೆಪ್ಪ ಬೇಡ ಬಿಡಿ, ಬ್ಯಾಟು ಕೊಡ್ಸೋಣ" ಅಂತ ರೇಗಿಸ್ತಿದ್ದೆ.

ಹಾಗಿದ್ದ ಕೆರೆ ಕೆಲವು ವರ್ಷಗಳ ಹಿಂದೆ ತುಂಬಿತು. ಸತತ ಮಳೆ, ಮೇಲಿನ ಕೆರೆಗಳೆಲ್ಲ ಒಂದಾದ ಮೇಲೊಂದು ತುಂಬಿ ನಮ್ಮೂರಿಗೆ ನೀರು ಬಂತು. ಜಾಲಿ ಮರಗಳ ತಲೆ ಮಾತ್ರ ಕಾಣ್ತಿತ್ತು. ಕೋಡಿ ಹರಿದ ಬೆಳಗ್ಗೆ ಅತ್ತಮ್ಮ ಮಗನ ಸ್ಕೂಟರಿನ ಹಿಂದೆ ಕೂತು ಹೋಗಿ ಹರಿಯೋ ನೀರಲ್ಲಿ ಕಾಲಿಟ್ಟು ನಿಂತರು. ಅವರ ಒಂದು ಕಣ್ಣು ಆಪರೇಷನ್ ಆದರೂ ಸರಿಹೋಗಿರಲಿಲ್ಲ. ಇನ್ನೊಂದರಲ್ಲೂ ನೋಟ ಇಳೀತಿತ್ತು. ಈಗ ಕಾಣೋದು ಕಾಣುತ್ತೆ, ಮುಂದೆ ಹೇಳೋಕಾಗಲ್ಲ ಅಂತ ಕೋಲಾರದ ಡಾಕ್ಟರು ಹೇಳಿದ್ದರು. ಮನೆಗೆ ಬಂದವರೇ ಅತ್ತಮ್ಮ ಅಂದರು: "ಇನ್ನೊಂದು ಸಲ ಆ ಎರಡು ಮೊಖ ನೋಡಿಬಿಟ್ರೆ ಸಾಕಮ್ಮ. ಆಮೇಲೆ ಕಣ್ಣು ಹೋದ್ರೂ ಹೋಗ್ಲಿ."

ಗುಡಿಯಲ್ಲೇ ಹೋಗಿ ನೋಡಬಹುದಲ್ಲ ಅಂತ ನೀವು ಕೇಳಬಹುದು. ವಾರವಾರ ಹೋಗ್ತಿದ್ದರು. ಗುಡಿಯಲ್ಲಿರೋದು ಒಂದೇ ಮುಖ.

ಕಾರ್ತಿಕದಲ್ಲಿ ತೆಪ್ಪ ಅಂತ ತೀರ್ಮಾನ ಆಯ್ತು. ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹೊಡೆದು, ಅದರ ಮೇಲೆ ಮರದ ಮಂಟಪ. ಊರಿನ ಹಿರಿಯರಿಗೆ ಇದ್ದಿದ್ದು ಒಂದೇ ಭಯ, ಗಾಳಿ. ದೇವರು ದಡ ಬಿಟ್ಟಾಗಿನಿಂದ ಮತ್ತೆ ದಡ ಮುಟ್ಟೋವರೆಗೆ ಮಂಟಪದ ದೀಪ ಆರಬಾರದು. ಆರಿದರೆ ಊರಿಗೆ ಒಳ್ಳೇದಲ್ಲ. ಸಂಜೆ ಹೊತ್ತು ತುಂಬಿದ ಕೆರೆಯ ಮೇಲೆ ಗಾಳಿ ಹೇಗೆ ಬೀಸುತ್ತೆ ಅಂತ ಯಾರಿಗೂ ಅಂದಾಜಿರಲಿಲ್ಲ. ಬಟ್ಟೆ ಕಟ್ಟೋಣ ಅಂದರೆ ದೇವರು ಕಾಣಲ್ಲ.

ಗುಡಿ ಜಗಲಿಯಲ್ಲಿ ಈ ಮಾತು ನಡೀತಿದ್ದಾಗ ನಾನು ಹೂವು ಕಟ್ಟುತ್ತಾ ಕೂತಿದ್ದೆ. ಬಾಯಿ ಸುಮ್ಮನಿರುತ್ತಾ? "ಬಟ್ಟೆ ಯಾಕೆ, ಪ್ಲಾಸ್ಟಿಕ್ ಕಟ್ಟಿ" ಅಂದೆ. ಒಂದು ಸಲ ನಮ್ಮ ಮಹಿಳಾ ಸಂಘದವರ ಜೊತೆ ಟೂರ್ ಹೋಗಿದ್ದಾಗ ಒಂದು ಡ್ಯಾಮಿನಲ್ಲಿ ಬೋಟ್ ಹತ್ತಿದ್ದೆ. ಅದರ ಎರಡೂ ಕಡೆ ಗಾಜಿನಂಥ ಪ್ಲಾಸ್ಟಿಕ್ ಪರದೆ ಇತ್ತು. ಗಾಳಿ ಒಳಗೆ ಬರ್ತಿರಲಿಲ್ಲ, ನೀರೆಲ್ಲ ಚೆನ್ನಾಗಿ ಕಾಣ್ತಿತ್ತು. ಅದನ್ನ ಕೈ ಬಾಯಿ ತಿರುಗಿಸಿ ವರ್ಣಿಸಿದೆ. ಆ ಬೋಟಿನ ಮುಂದುಗಡೆ ಪೂರ್ತಿ ತೆರೆದೇ ಇತ್ತು ಅನ್ನೋದು ಆಗ ನೆನಪಾಗಲಿಲ್ಲ. ಹಿರಿಯರು, ಸರಿ ಕಣಮ್ಮ, ನೀನೇ ಹೊಲಿದುಕೊಡು ಅಂದರು. ನಾನು ಮನೆಗೆ ಬರೋಷ್ಟರಲ್ಲಿ ಇನ್ನೂ ಎರಡು ಅಡಿ ಎತ್ತರ ಬೆಳೆದಿದ್ದೆ.

ಯಜಮಾನರ ಜೊತೆ ಕೋಲಾರಕ್ಕೆ ಹೋಗಿ ಆಟೋ ಸೀಟು ಹೊಲಿಯೋರಿಗೆ ಸಾಮಾನು ಕೊಡೋ ರೆಕ್ಸಿನ್ ಅಂಗಡಿ ಹೊಕ್ಕೆ. ತೆಳ್ಳಗಿನ ಹಾಳೆ ಅಗ್ಗ, ಆದರೆ ಗಾಳಿಗೆ ಪಟಪಟ ಹೊಡ್ಕೊಳ್ಳುತ್ತೆ. ತೀರಾ ದಪ್ಪದ್ದು ಬಗ್ಗಲ್ಲ, ಚಳಿಗೆ ಸೀಳುತ್ತೆ. ನಡುವಿನದ್ದರಲ್ಲೇ ಕೆಲವು ಹಳದಿ ಹೊಡೀತಿದ್ದವು, ಕೆಲವು ನೀಲಿ. ಒಂದೊಂದನ್ನೂ ಬಿಚ್ಚಿಸಿ ಬೆಳಕಿಗೆ ಹಿಡಿದು ಅದರ ಹಿಂದೆ ನನ್ನ ಬಳೆ ಕೈ ಇಟ್ಟು ನೋಡಿದೆ. ಕೊನೆಗೆ ಒಂದರ ಹಿಂದೆ ನಾನೇ ನಿಂತು, "ನಾನು ಕಾಣ್ತೀನಾ?" ಅಂತ ಯಜಮಾನರನ್ನ ಕೇಳಿದೆ.

"ಬೇಡ ಅಂದ್ರೂ ಕಾಣ್ತೀಯ" ಅಂದರು. ಅಂಗಡಿಯವರು ನಕ್ಕರು. ಅದನ್ನೇ ತಂದೆ.

ಹೊಲಿಯೋದು ದೊಡ್ಡ ಪಾಡು. ಪ್ಲಾಸ್ಟಿಕ್ಕು ಮಿಷನ್ನಿನ ಪಾದಕ್ಕೆ ಅಂಟಿಕೊಂಡು ಮುಂದಕ್ಕೇ ಹೋಗಲ್ಲ. ಕೆಳಗೆ ಮೇಲೆ ನ್ಯೂಸ್‌ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದೆ. ಹೊಲಿಗೆ ದೂರದೂರ ಹಾಕಬೇಕು, ಹತ್ತಿರ ಹತ್ತಿರ ಹಾಕಿದರೆ ಸ್ಟಾಂಪಿನ ಅಂಚಿನ ಹಾಗೆ ಹರಿದು ಕೈಗೆ ಬರುತ್ತೆ. ಅಂಚಿಗೆಲ್ಲ ರೆಕ್ಸಿನ್ ಪಟ್ಟಿ ಕೊಟ್ಟೆ. ನಾನು ಮಿಷನ್ ತುಳೀತಿದ್ದರೆ ಅತ್ತಮ್ಮ ಪಕ್ಕದಲ್ಲಿ ಕೂತು ಗಂಗಮ್ಮನಿಗೆ ಉಡಿಸೋ ಹೊಸ ಹಸಿರು ಸೀರೆಗೆ ನೆರಿಗೆ ಹಿಡೀತಿದ್ದರು. ಆ ಸೀರೆಗೆ ಫಾಲ್ ಹಾಕಿದವಳೂ ನಾನೇ. ಬಣ್ಣ ಚೆನ್ನಾಗಿದೆ, ಭತ್ತದ ಪೈರು ಇದ್ದಂಗಿದೆ ಅಂತ ಅವರು ಸವರಿ ಸವರಿ ನೋಡಿದರು. ಕಣ್ಣಿಗಿಂತ ಕೈಯಲ್ಲೇ ಜಾಸ್ತಿ ನೋಡ್ತಿದ್ದರು ಆಗಲೇ.

ಈಗ ನನ್ನ ಬುದ್ಧಿವಂತಿಕೆ ಕೇಳಿ. ನಮ್ಮದು ರೇಷ್ಮೆ ಸಾಕೋ ಮನೆ. ಹುಳದ ಮನೆಗೆ ನೊಣ ಹೋಗಬಾರದು, ಗಾಳಿ ನುಗ್ಗಬಾರದು, ಒಂದು ಬೆರಳು ಸಂದಿಯೂ ಇರಬಾರದು. ಅದನ್ನ ಮುಚ್ಚೋದರಲ್ಲಿ ನಾನು ಗಟ್ಟಿಗಿತ್ತಿ, ಊರೇ ಹೇಳುತ್ತೆ. ಮಂಟಪವನ್ನೂ ಹಾಗೇ ಮುಚ್ಚಿಸಿದೆ. ನಾಲ್ಕೂ ಕಡೆ ಪರದೆ, ಮೇಲೆ ಕೆಳಗೆ ಮರದ ಪಟ್ಟಿ ಇಟ್ಟು ಮೊಳೆ. ಪೂಜಾರಪ್ಪ ಒಳಗೆ ಹೋಗೋಕೆ ಹಿಂದುಗಡೆ ಒಂದು ಸಣ್ಣ ಬಾಗಿಲಿನಷ್ಟು ಜಾಗ, ಅದಕ್ಕೂ ಒಳಗಿಂದ ಹುಕ್ಕು. ಎತ್ತಿ ಕಟ್ಟೋಕೆ ದಾರ ಬೇಡವಾ ಅಂತ ಬಡಗಿ ಕೇಳಿದ. ದಾರ ಇಟ್ಟರೆ ಸಂದಿ ಆಗುತ್ತೆ, ಬೇಡ ಅಂತ ಅವನನ್ನೂ ತಿದ್ದಿದೆ. ತೆಪ್ಪದ ಹಿಂದಿನ ದಿನ ಮಧ್ಯಾಹ್ನ ದಡದಲ್ಲಿ ನಿಲ್ಲಿಸಿ ನೋಡಿದಾಗ ಪರದೆ ಇದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ಒಂದು ಗುಬ್ಬಿ ಬಂದು ಢೀ ಕೊಟ್ಟು ಹೋಯಿತು. ಎಲ್ಲರೂ ಭೇಷ್ ಅಂದರು.

ಮಾರನೇ ದಿನ ಹೊತ್ತಿಳಿಯೋಕೆ ಮುಂಚೆಯೇ ಕೆರೆ ಏರಿ ಮೇಲೆ ಜನ. ಯಜಮಾನರು ಮನೆಯಿಂದ ಕುರ್ಚಿ ತಂದು ಮುಂದಿನ ಸಾಲಲ್ಲಿ ಹಾಕಿ ಅತ್ತಮ್ಮನನ್ನ ಕೂರಿಸಿದರು. ತಲೆಗೆ ಶಾಲು ಹೊದಿಸಿದೆ, ಕಾರ್ತಿಕದ ಚಳಿ ಆಗಲೇ ಕೊರೀತಿತ್ತು. ಗಂಗಮ್ಮನಿಗೆ ಅಭಿಷೇಕ ಆಗಿ, ಹಸಿರು ಸೀರೆ ಉಡಿಸಿ, ನೀರಲ್ಲಿ ನೆನೆಸಿಟ್ಟ ಚೆಂಡುಹೂವಿನ ಹಾರ ಹಾಕಿ ಮಂಟಪದೊಳಗೆ ಕೂರಿಸಿದರು. ಒಳಗೆ ದೊಡ್ಡ ದೀಪ, ಸಾಂಬ್ರಾಣಿ, ಪೂಜಾರಪ್ಪ. ಹಿಂದಿನ ಹುಕ್ಕು ಹಾಕಿದರು. ತಮಟೆ ಶುರುವಾಯ್ತು, ತೆಪ್ಪ ದಡ ಬಿಡ್ತು.

ಆ ಹೊತ್ತಿಗೇ ಪರದೆಯ ಕೆಳಗಡೆ ಒಂದು ಗೇಣು ಬೆಳ್ಳಗಾಗಿತ್ತು. ಹೊಗೆ ಇರಬೇಕು ಅಂದುಕೊಂಡೆ. ತೆಪ್ಪ ಕೆರೆ ನಡುವೆ ಹೋಗಿ ತಿರುಗಿ ನಮ್ಮ ಕಡೆ ಬರೋಷ್ಟರಲ್ಲಿ ನಾಲ್ಕೂ ಪರದೆ ಪೂರ್ತಿ ಬೆಳ್ಳಗೆ. ಒಳಗೆ ಎಲ್ಲೋ ಹಳದಿ ಬೆಳಕು ಹರಡಿಕೊಂಡಿತ್ತು, ಅಷ್ಟೇ. ದೇವರೂ ಇಲ್ಲ, ಸೀರೆಯೂ ಇಲ್ಲ. ನೀರಲ್ಲಿ ಕಂಡಿದ್ದೂ ಅದೇ ಬಿಳಿ ಡಬ್ಬ.

ಆಗ ನನಗೆ ಗೊತ್ತಾಯ್ತು. ಅಯ್ಯೋ, ನನಗೆ ಗೊತ್ತಿಲ್ಲದ್ದಾ ಅದು? ಚಾಕಿ ಮರಿ, ಅಂದರೆ ಆಗತಾನೇ ಮೊಟ್ಟೆ ಒಡೆದ ರೇಷ್ಮೆ ಹುಳ, ಇರೋ ತಟ್ಟೆಗೆ ಸೊಪ್ಪು ಬಾಡದಿರಲಿ ಅಂತ ಪ್ಲಾಸ್ಟಿಕ್ ಹೊದಿಸ್ತೀವಿ. ಬೆಳಗ್ಗೆ ಎದ್ದು ನೋಡಿದರೆ ಒಳಗೆಲ್ಲ ಬೆವರು, ಮರಿಗಳೇ ಕಾಣಲ್ಲ, ಮೊದಲು ಅದನ್ನ ಕೊಡವಿ ಆಮೇಲೆ ಸೊಪ್ಪು ಹಾಕ್ತೀನಿ. ಎಷ್ಟು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಒಳಗೆ ಬೆಚ್ಚಗೆ, ಒದ್ದೆ ಹೂವು, ಮನುಷ್ಯನ ಉಸಿರು, ಹೊರಗೆ ಚಳಿ. ಬೆವರದೆ ಇನ್ನೇನಾಗುತ್ತೆ? ದಿನಾ ಕಣ್ಣೆದುರಿಗೆ ನಡೆಯೋದು, ಮಂಟಪ ಮುಚ್ಚುವಾಗ ತಲೆಗೆ ಹೊಳೆಯಲಿಲ್ಲ.

"ಪರದೆ ಎತ್ತಿ" ಅಂತ ಏರಿ ಅಂಚಿಗೆ ಓಡಿ ಕೂಗಿದೆ. ತಮಟೆಯಲ್ಲಿ ಯಾರಿಗೆ ಕೇಳುತ್ತೆ? ಕೇಳಿದ್ದರೂ ಎತ್ತೋಕೆ ದಾರ ಎಲ್ಲಿತ್ತು? ಪೂಜಾರಪ್ಪ ಒಳಗಿಂದ ಟವೆಲ್ಲಲ್ಲಿ ಒಂದು ಕಡೆ ಒರೆಸಿದರು. ಎಣ್ಣೆ ಹೊಗೆ ಕೂತಿದ್ದರಿಂದ ಅದು ಇನ್ನೂ ಬಳಿದುಕೊಂಡಿತು, ಅವರ ಮೊಣಕೈ ಮಾತ್ರ ಕಾಣಿಸ್ತು. ಎರಡನೇ ಸುತ್ತು ಆಯ್ತು. ಮೂರನೇದೂ ಆಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ, ಅಷ್ಟು ಹತ್ತಿರ ಬಂದು ಬಂದು ಹೋಗ್ತಿತ್ತು ತೆಪ್ಪ. ತಿರುಗಿ ನೋಡಿದರೆ ಅತ್ತಮ್ಮ ಕುರ್ಚಿಯ ತುದಿಗೆ ಬಂದು, ಕತ್ತು ಮುಂದೆ ಚಾಚಿ, ಕೈ ಮುಗಿದುಕೊಂಡೇ ಕೂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ತಮಾಷೆ ಏನು ಗೊತ್ತಾ, ಯಾರೂ ನನ್ನ ಬಯ್ಯಲಿಲ್ಲ. ದೀಪ ಆರಲಿಲ್ಲವಲ್ಲ. ಅಷ್ಟು ಗಾಳಿಯಲ್ಲೂ ದೀಪ ಉಳೀತು ಅಂತ ಹಿರಿಯರು ಎಲ್ಲರೆದುರು ಕರೆದು ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ ಕೊಟ್ಟರು. ತಗೊಂಡೆ. ಬೇಡ ಅನ್ನೋ ಧೈರ್ಯ ಬರಲಿಲ್ಲ. ಆ ರವಿಕೆ ಬಟ್ಟೆ ಇವತ್ತಿಗೂ ಹೊಲಿದಿಲ್ಲ.

ಮನೆಗೆ ಬಂದು ಅತ್ತಮ್ಮನಿಗೆ ಬಿಸಿನೀರು ಕೊಟ್ಟು, ಎದುರಿಗೆ ಕೂತು ಕೇಳಿದೆ, "ಕಾಣಿಸ್ತಾ ಅತ್ತಮ್ಮ?"

ಕೇಳಬಾರದಿತ್ತು. ನಾನು ಕೇಳಿದ್ದು ತಿಳಿಯೋಕಲ್ಲ, ಅವರ ಬಾಯಿಂದ 'ಕಾಣಿಸ್ತು' ಅನ್ನಿಸಿಕೊಂಡು ಹಗುರಾಗೋಕೆ.

"ಕಾಣಿಸ್ದೆ ಏನಮ್ಮ? ಚೆನ್ನಾಗಿ ಕಾಣಿಸ್ತು" ಅಂದರು. "ಕೆಂಪು ಸೀರೆ. ಕೊರಳು ತುಂಬ ಕನಕಾಂಬರ. ಬೆಳ್ಳಿ ಕಣ್ಣು. ಮೇಲೊಂದು ಮೊಖ, ನೀರಲ್ಲೊಂದು ಮೊಖ. ಚಾಲಮ್ಮಾ, ಇಷ್ಟು ಸಾಕು."

ಕೆಂಪಲ್ಲ, ಹಸಿರು. ಕನಕಾಂಬರ ಅಲ್ಲ, ಚೆಂಡುಹೂವು. ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಎದ್ದು ಹೋಗಿ, ತೊಳೆದ ತಟ್ಟೆಗಳನ್ನೇ ಇನ್ನೊಂದು ಸಲ ತೊಳೆದೆ. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅವರಿಗೆ ನಿಜವಾಗಲೂ ಹಳೇದೇ ಕಂಡಿತೋ, ನನ್ನ ಸಮಾಧಾನಕ್ಕೆ ಹೇಳಿದರೋ, ಅವತ್ತಿನಿಂದ ಅದೇ ನನ್ನ ತಲೆ ತಿಂತಿತ್ತು. ಕೇಳೋಕೆ ಭಯ. ಬದಲಿಗೆ ಸೇವೆ ಶುರು ಮಾಡಿದೆ. ಸ್ನಾನಕ್ಕೆ ನೀರು ನಾನೇ ತೋಡಿಕೊಟ್ಟೆ, ಮುದ್ದೆ ಮೆತ್ತಗೆ ತಿರುವಿದೆ. ಸೋಮವಾರ ಅಂದರೆ ಹೂಂ ಸೋಮವಾರ, ಉಪ್ಪು ಕಮ್ಮಿ ಅಂದರೆ ಹೂಂ ಕಮ್ಮಿ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ನಾನು ಉಣ್ಣುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಇವಳಿಗೆ ಈಗ ಬುದ್ಧಿ ಬಂತು ಅಂತ ಪಕ್ಕದ ಮನೆಯವರು ಅಂದರು.

ಕೋಡಿ ಮತ್ತೆ ಹರಿಯಲಿಲ್ಲ. ಪ್ರತಿ ವರ್ಷ ನೀರು ಸ್ವಲ್ಪ ಬರೋದು, ಇಳಿಯೋದು. ಅತ್ತಮ್ಮನ ಕಣ್ಣೂ ಹಾಗೇ ಇಳೀತಾ ಹೋಯ್ತು. ಒಂದು ಸಲ ಮನಸ್ಸು ತಡೆಯದೆ ಅವರನ್ನ ಬಸ್ಸಲ್ಲಿ ಕುರುಡುಮಲೆಗೆ ಕರ್ಕೊಂಡು ಹೋದೆ. ಆ ಎರಡಾಳೆತ್ತರದ ಗಣಪತಿ ಎದುರು ನಿಲ್ಲಿಸಿ, ಕಾಣ್ತಾನಾ ಅತ್ತಮ್ಮ ಅಂದೆ. "ಕಾಣ್ತಾನೆ. ಬೇಕಾದಷ್ಟು ದೊಡ್ಡಕಿದ್ದಾನಲ್ಲ" ಅಂದರು. ವಾಪಸ್ಸು ಬಸ್ಸಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ.

ಮೊನ್ನೆ ಪರದೆ ಇಳಿಸಿ ಹಿತ್ತಲಲ್ಲಿ ತೊಳೀತಿದ್ದೆ. ಅತ್ತಮ್ಮ ಗೋಡೆ ಹಿಡ್ಕೊಂಡು ಬಂದು ಕಲ್ಲಿನ ಮೇಲೆ ಕೂತು, ಒಂದು ತುದಿ ಕೊಡು, ಹಿಡ್ಕೋತೀನಿ ಅಂದರು. ಕೊಟ್ಟೆ. ಬೆರಳಲ್ಲಿ ಅಂಚಿನ ರೆಕ್ಸಿನ್ ಪಟ್ಟಿ ಸವರಿದರು.

"ಎದುರುಗಡೆ ಕಟ್ಟಿದ್ದ ಪರದೆ ಯಾವುದು?"

"ಇದೇ ಅತ್ತಮ್ಮ."

"ಇದಕ್ಕೆ ಕತ್ತರಿ ಹಾಕು. ನಡುವೆ ಸೀಳು, ಎರಡು ಕಡೆಗೂ ದಾರ ಕೊಡು. ದೀಪಕ್ಕೆ ಬೇಕಾದ್ರೆ ಒಂದು ಗಾಜಿನ ಚಿಮಣಿ ಇಡ್ಲಿ."

ನನ್ನ ಕೈ ನಿಂತಿತು. ಯಾಕೆ ಅಂತ ಕೇಳಿದೆ, ಗೊತ್ತಿದ್ದೂ.

"ಅವತ್ತು ನಾನು ಕೆಂಪು ಸೀರೆ ಅಂದೆ" ಅಂದರು. "ಹಸಿರು ಸೀರೆಗೆ ನೆರಿಗೆ ಹಿಡಿದೋಳು ನಾನೇ, ನನಗೆ ಗೊತ್ತಿಲ್ವಾ? ನೀನು ಪೆಚ್ಚು ಮೊಖ ಹಾಕ್ಕೊಂಡು ಕೂತಿದ್ದೆ, ರೇಗಿಸಿದ್ರೆ ಸರಿಹೋಗ್ತಾಳೆ, ಅಲ್ಲ ಹಸಿರು ಅಂತ ಮೇಲೆ ಬೀಳ್ತಾಳೆ, ನಾನೂ ನಾಲ್ಕು ಬೈದು ಮುಗಿಸೋಣ ಅಂತಿದ್ದೆ. ನೀನು ತಿದ್ದಲಿಲ್ಲ. ಅವತ್ತಿಂದ ಯಾವುದನ್ನೂ ತಿದ್ದಲಿಲ್ಲ. ಗಂಗಮ್ಮ ಕಾಣದಿದ್ರೆ ಹೋಗ್ಲಿ, ಪೋನೀಲೇ. ಈಗ ಕಣ್ಣೂ ಇಲ್ಲ, ಮನೇಲಿ ನನ್ನ ಜೊತೆ ಮಾತಾಡೋರೂ ಇಲ್ಲ. ಹೂಂ ಹೂಂ ಅಂತ ಯಾರೋ ಓಡಾಡ್ತಾರೆ."

ಒದ್ದೆ ಪಂಚೆ ಕೈಯಲ್ಲೇ ಇತ್ತು. ಇಷ್ಟು ದಿನ ನಾನು ಸೇವೆ ಅಂದುಕೊಂಡಿದ್ದು ಅವರಿಗೆ ಇನ್ನೊಂದು ಪರದೆ ಆಗಿತ್ತು. ಪಂಚೆ ಹಿಂಡಿ ಪಕ್ಕಕ್ಕಿಟ್ಟು ಹೇಳಿದೆ.

"ಕೆಂಪಲ್ಲ ಅತ್ತಮ್ಮ, ಹಸಿರು. ಕನಕಾಂಬರ ಅಲ್ಲ, ಚೆಂಡುಹೂವು. ನಿಮಗೆ ಅವತ್ತು ಏನೂ ಕಾಣಿಸಲಿಲ್ಲ. ನಾನು ಮುಚ್ಚಿಬಿಟ್ಟಿದ್ದೆ."

"ಹೂಂ" ಅಂದರು. "ಕತ್ತರಿ ತಗೊಂಬಾ."

ಕತ್ತರಿ ತಂದೆ. ಅತ್ತಮ್ಮ ಆ ಕಡೆ ಬಿಗಿಯಾಗಿ ಹಿಡಿದರು, ನಾನು ಈ ಕಡೆಯಿಂದ ಕತ್ತರಿಸ್ತಾ ಹೋದೆ. ಅವರ ಹೆಬ್ಬೆರಳು ನಾನು ಕತ್ತರಿಸಿದ ಗೆರೆಯ ಮೇಲೇ ಬರ್ತಿತ್ತು, ಸೊಟ್ಟ ಹೋಗ್ತಿದ್ದೀನಾ ಅಂತ ನೋಡೋಕೆ.

"ಈ ಸಲ ಕೆರೆ ಅರ್ಧ ತುಂಬಿದೆಯಂತೆ" ಅಂದರು. "ಕಾರ್ತಿಕಕ್ಕೆ ಕೋಡಿ ಹರಿದೇ ಹರಿಯುತ್ತೆ."

"ಅರ್ಧ ಎಲ್ಲಿ ಅತ್ತಮ್ಮ, ಮೊಣಕಾಲುದ್ದ ನೀರಿದೆ" ಅಂದೆ.

"ಬಂದ್ಲಪ್ಪ ಟೀಚರಮ್ಮ" ಅಂತ ಗೋಡೆಗೆ ಹೇಳಿ ಅತ್ತಮ್ಮ ಪರದೆಯನ್ನ ಇನ್ನೂ ಸ್ವಲ್ಪ ಬಿಗಿಯಾಗಿ ಎಳೆದು ಹಿಡಿದರು.